ಮನೆಯಲ್ಲೇ ಪ್ರಾರ್ಥಿಸಿದರೆ ಸಾಲದೇ? ನೊಂದು ಸಭೆಯಿಂದ ದೂರವಾದವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 47 ವರ್ಷ. ಚಿಕ್ಕಂದಿನಿಂದಲೂ ಕ್ರೈಸ್ತ ಸಭೆಯಲ್ಲೇ ಬೆಳೆದವಳು. ಭಾನುವಾರದ ಆರಾಧನೆಯನ್ನಾಗಲಿ, ವಾರದ ನಡುವಿನ ಮನೆ ಪ್ರಾರ್ಥನಾ ಕೂಟವನ್ನಾಗಲಿ ತಪ್ಪಿಸಿದವಳಲ್ಲ. ನನ್ನ 19 ವರ್ಷದ ಮಗ ಕುಡಿತಕ್ಕೆ ಬಿದ್ದಿದ್ದಾನೆಂದು ಗೊತ್ತಾದಾಗ ತಡೆಯಲಾರದೆ ಕೂಟದ ಹತ್ತು ಹನ್ನೆರಡು ಮಂದಿಯ ಮುಂದೆ ಅತ್ತು, ಪ್ರಾರ್ಥಿಸಿರಿ ಎಂದು ಬೇಡಿಕೊಂಡೆ. ತಿಂಗಳು ಕಳೆಯುವಷ್ಟರಲ್ಲಿ, ಆ ಕೂಟಕ್ಕೆ ಎಂದೂ ಬಾರದ ಒಬ್ಬಾಕೆ ಮದುವೆಯೊಂದರಲ್ಲಿ ಎಲ್ಲರ ಎದುರಿಗೆ ನನ್ನ ಮಗನನ್ನೇ ನಿಲ್ಲಿಸಿ, "ಈಗ ಬಿಟ್ಟಿದ್ದೀಯೇನಪ್ಪಾ? ನಾವೆಲ್ಲ ನಿನಗಾಗಿ ಪ್ರಾರ್ಥಿಸುತ್ತಿದ್ದೇವೆ" ಎಂದರು. ಅಂದಿನಿಂದ ಅವನು ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ನಾನು ಸಭೆಗೆ ಹೋಗುವುದನ್ನು ಬಿಟ್ಟು ಒಂದು ವರ್ಷದ ಮೇಲಾಯಿತು. ದಿನವೂ ಬೈಬಲ್ ಓದುತ್ತೇನೆ, ಪ್ರಾರ್ಥಿಸುತ್ತೇನೆ, ಫೋನಿನಲ್ಲಿ ಪ್ರಸಂಗ ಕೇಳುತ್ತೇನೆ. ಐದು ತಿಂಗಳ ಮೇಲೆ ಒಮ್ಮೆ ಮನೆಗೆ ಬಂದ ಸಭೆಯ ಹಿರಿಯರು, ಒಲೆಯಿಂದ ಹೊರಗಿಟ್ಟ ಕೆಂಡ ಆರಿಹೋಗುತ್ತದೆ ಎಂದರು. ಸಭೆಯಾಗಿ ಕೂಡಿಬರುವುದನ್ನು ಬಿಡಬಾರದೆಂಬ ವಚನವನ್ನೂ ತೋರಿಸಿದರು. ನನ್ನ ಗೆಳತಿಯಾದರೋ, ಇಬ್ಬರು ಮೂವರು ಕೂಡಿದಲ್ಲಿ ಕರ್ತನಿದ್ದಾನಲ್ಲ, ಗಂಡ ಹೆಂಡತಿ ಕೂತು ಪ್ರಾರ್ಥಿಸಿದರೆ ಸಾಕು ಎನ್ನುತ್ತಾಳೆ. ನಾನು ಪಾಪ ಮಾಡುತ್ತಿದ್ದೇನೆಯೇ? ಮೊದಲಿನಿಂದಲೂ ನಾನು ಮಾತು ಕಡಿಮೆ. ಒಂಟಿಯಾಗಿರುವುದೇ ನನ್ನ ಸ್ವಭಾವವಿರಬಹುದೇ? ಮಗನನ್ನು ಮತ್ತೆ ಸಭೆಗೆ ಕರೆತರುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಒಂದರೊಳಗೊಂದು ಹೆಣೆದುಕೊಂಡಿವೆ. ನಂಬಿ ಹೇಳಿದ ಮಾತು ಹೊರಗೆ ಹೋದ ನೋವು ಮೊದಲನೆಯದು. ಆ ನೋವಿನಿಂದ ದೂರ ಸರಿದದ್ದೇ ತಪ್ಪಾಯಿತೇನೋ ಎಂಬ ಅಳುಕು ಎರಡನೆಯದು. ದೂರವಿದ್ದುದರಿಂದ ಸಿಕ್ಕ ಶಾಂತಿಯನ್ನು ನಂಬಬಹುದೇ ಎಂಬ ಸಂದೇಹ ಮೂರನೆಯದು. ಸಭಾಪಾಲಕನಾಗಿಯೂ ಆಪ್ತಸಮಾಲೋಚಕನಾಗಿಯೂ ಇಂಥವರೊಡನೆ ಕುಳಿತು ಮಾತಾಡಿರುವ ನನಗೆ, ಇವನ್ನು ಬಿಡಿಸಿ ನೋಡದೆ ಕೊಡುವ ಯಾವ ಸಲಹೆಯೂ ಗಾಯದ ಮೇಲೆ ಇನ್ನೊಂದು ಗಾಯ ಮಾಡುತ್ತದೆಂಬುದು ಗೊತ್ತಿದೆ.

ಮೊದಲು ಹಿರಿಯರು ತೋರಿಸಿದ ವಚನ. ಅದು ಇಬ್ರಿಯರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯದ 25ನೆಯ ವಚನ. ಸಾಮಾನ್ಯವಾಗಿ ಅದನ್ನು ಒಂದನ್ನೇ ಎತ್ತಿ ಓದುತ್ತೇವೆ. 24ನೆಯ ವಚನವನ್ನು ಬಿಟ್ಟುಬಿಡುತ್ತೇವೆ. ಒಬ್ಬರನ್ನೊಬ್ಬರು ಪ್ರೀತಿಗೂ ಸತ್ಕಾರ್ಯಕ್ಕೂ ಹುರಿದುಂಬಿಸುವುದು ಹೇಗೆಂದು ಆಲೋಚಿಸಿರಿ ಎಂಬ ಮಾತು ಮೊದಲು ಬಂದು, ಕೂಡಿಬರುವ ಮಾತು ಅದರ ಬೆನ್ನಿಗೆ ಬರುತ್ತದೆ. ಆ ಪತ್ರವನ್ನು ಓದುತ್ತಿದ್ದವರು ನಿಂದೆಯನ್ನೂ ಹಿಂಸೆಯನ್ನೂ ಉಂಡವರು, ಆಸ್ತಿಪಾಸ್ತಿಯನ್ನು ಕಳೆದುಕೊಂಡವರು. ಅದು ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ ಬರುತ್ತದೆ. ಕೂಡಿಬರಬೇಕೆಂಬುದು ದಣಿದವರಿಗೆ ಕೈಯಾಸರೆ ಬೇಕೆಂದು ಬರೆದ ಮಾತು. ಹಾಗಾಗಿ ಆ ಆಜ್ಞೆಯ ಭಾರ ಬಾರದೆ ಉಳಿದವರ ಮೇಲೆ ಎಷ್ಟಿದೆಯೋ ಬಂದು ಕುಳಿತವರ ಮೇಲೂ ಅಷ್ಟೇ ಇದೆ. ನೀವು ಕಾಣದೆಹೋದ ಐದು ತಿಂಗಳು ಯಾರೂ ಬಾಗಿಲು ತಟ್ಟಲಿಲ್ಲವೆಂದರೆ, ಆ ವಚನಕ್ಕೆ ತಪ್ಪಿ ನಡೆದವರಲ್ಲಿ ನಿಮ್ಮ ಸಭೆಯೂ ಸೇರಿದೆ. ಇದನ್ನು ಹಿರಿಯರಿಗೆ ವಿನಯದಿಂದ ಹೇಳಲು ನಿಮಗೆ ಹಕ್ಕಿದೆ.

ನೋವಿನಿಂದ ಕೆಲಕಾಲ ದೂರವಿದ್ದುದು ದೇವರಿಗೆ ಬೆನ್ನುಹಾಕಿದಂತೆ ಆಗುವುದಿಲ್ಲ. ಪಾಪವೆಂಬ ತೀರ್ಪನ್ನು ನಾನು ಬರೆಯಲಾರೆ. ಆದರೆ ಗೆಳತಿಯ ಮಾತನ್ನೂ ಹಾಗೆಯೇ ಒಪ್ಪಲಾರೆ. ಇಬ್ಬರು ಮೂವರು ಕೂಡಿದಲ್ಲಿ ತಾನಿರುವೆನೆಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ. ಅಲ್ಲಿ ಮಾತು ನಡೆಯುತ್ತಿರುವುದು ತಪ್ಪು ಮಾಡಿದ ಸಹೋದರನ ಬಗ್ಗೆ: ಮೊದಲು ನೀನೊಬ್ಬನೇ ಹೋಗಿ ಅವನೊಡನೆ ಮಾತಾಡು, ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಮುರಿದ ಸಂಬಂಧವನ್ನು ಸರಿಪಡಿಸಲು ಕೂಡಿದವರ ನಡುವೆ ತಾನಿರುವೆನೆಂಬ ಭರವಸೆಯನ್ನು ಸಭೆಯೇ ಬೇಡವೆನ್ನಲು ಬಳಸುವುದು ಸಲ್ಲದು. ಗಂಡ ಹೆಂಡತಿ ಕೂತು ಪ್ರಾರ್ಥಿಸುವುದು ಅಮೂಲ್ಯ. ಆದರೆ ಒಂದೇ ದುಃಖದಲ್ಲಿ ಮುಳುಗಿರುವ ಇಬ್ಬರು ಒಬ್ಬರನ್ನೊಬ್ಬರು ಎಷ್ಟು ಮೇಲೆತ್ತಬಲ್ಲರು ಎಂಬುದನ್ನೂ ಯೋಚಿಸಿ.

ಇನ್ನು ಕೆಂಡದ ಹೋಲಿಕೆ. ಅದು ಅರ್ಧ ನಿಜ. ಒಂಟಿಯಾದ ವಿಶ್ವಾಸಿಯ ನಂಬಿಕೆ ಕೂಡಲೇ ಆರಿಹೋಗುವುದನ್ನು ನಾನು ಹೆಚ್ಚು ಕಂಡಿಲ್ಲ. ನಿಮ್ಮಂತೆಯೇ ಹಲವರು ಓದುತ್ತಾರೆ, ಪ್ರಾರ್ಥಿಸುತ್ತಾರೆ. ಅವರಲ್ಲಿ ಮೊದಲು ಕೆಡುವುದು ಅಳತೆಯ ಪ್ರಜ್ಞೆ. ಒಬ್ಬರೇ ಕುಳಿತಾಗ ಆದ ಅನ್ಯಾಯ ದಿನಕ್ಕೆ ಹತ್ತು ಸಲ ಕಣ್ಣೆದುರು ನಡೆಯುತ್ತದೆ, ಪ್ರತಿ ಸಲವೂ ಸ್ವಲ್ಪ ಬೆಳೆಯುತ್ತದೆ; ಇಲ್ಲ, ಅದು ಹಾಗಿರಲಿಲ್ಲ ಎಂದು ತಿದ್ದಲು ಎದುರಿಗೆ ಯಾರೂ ಇರುವುದಿಲ್ಲ.

ಬೈಬಲಿನ ಅರಸುಗಳು ಮೊದಲನೆಯ ಪುಸ್ತಕದಲ್ಲಿ ಪ್ರವಾದಿ ಎಲೀಯನ ಕಥೆಯನ್ನು ಈ ಕಣ್ಣಿನಿಂದ ಒಮ್ಮೆ ಓದಿನೋಡಿ. ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿದವನು ಬೇರ್ಷೆಬಕ್ಕೆ ಬಂದು, ಜೊತೆಗಿದ್ದ ಸೇವಕನನ್ನು ಅಲ್ಲೇ ಬಿಟ್ಟು, ತಾನೊಬ್ಬನೇ ಅರಣ್ಯಕ್ಕೆ ಒಂದು ದಿನದ ದಾರಿ ನಡೆದು, ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ಆಮೇಲೆ ಹೋರೇಬ್ ಬೆಟ್ಟದಲ್ಲಿ ದೇವರ ಮುಂದೆ, ನಾನೊಬ್ಬನೇ ಉಳಿದಿದ್ದೇನೆ ಎಂದು ಒಂದಲ್ಲ, ಎರಡು ಸಲ ಹೇಳುತ್ತಾನೆ. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಓಬದ್ಯನೆಂಬುವನು ಅವನ ಮುಂದೆ ನಿಂತು, ನೂರು ಮಂದಿ ಪ್ರವಾದಿಗಳನ್ನು ಐವತ್ತೈವತ್ತರಂತೆ ಗವಿಗಳಲ್ಲಿ ಅಡಗಿಸಿ ಅನ್ನ ನೀರು ಕೊಟ್ಟು ಸಾಕಿದ್ದನ್ನು ಹೇಳಿದ್ದ. ಎಲೀಯನಿಗೆ ವಿಷಯ ತಿಳಿದಿತ್ತು. ಒಂಟಿತನದಲ್ಲಿ ಅದು ನೆನಪಿಗೆ ಬರಲಿಲ್ಲ, ಬಂದರೂ ಲೆಕ್ಕಕ್ಕೆ ಬರಲಿಲ್ಲ. ದೇವರು ಅವನನ್ನು ಗದರಿಸಲಿಲ್ಲವೆಂಬುದನ್ನೂ ಗಮನಿಸಿ. ಮೊದಲು ನಿದ್ದೆ, ಬಿಸಿ ರೊಟ್ಟಿ, ನೀರು. ಬಾಳನೆಂಬ ಅನ್ಯದೇವತೆಗೆ ಮೊಣಕಾಲೂರದ 7000 ಮಂದಿ ಇದ್ದಾರೆಂಬ ತಿದ್ದುಪಡಿ ಆಮೇಲೆ. ಕೊನೆಗೆ ಜೊತೆಗೆ ನಡೆಯಲು ಎಲೀಷನೆಂಬ ಒಬ್ಬ ಮನುಷ್ಯ. ಎಲೀಯನಿಗೆ ದೇವದೂತನ ಸ್ಪರ್ಶ ಸಿಕ್ಕಿತ್ತು, ದೇವರ ಮೃದುವಾದ ಸ್ವರ ಕೇಳಿಸಿತ್ತು. ಆದರೂ ಒಬ್ಬ ಸಂಗಾತಿ ಬೇಕಾಯಿತು.

ಸ್ವಭಾವದ ಪ್ರಶ್ನೆಗೂ ಇಲ್ಲೇ ಉತ್ತರ ಕೊಡುತ್ತೇನೆ. ಮಾತು ಕಡಿಮೆಯಿರುವುದು ದೋಷವಲ್ಲ; ಗದ್ದಲದ ಕೂಟ ಎಲ್ಲರಿಗೂ ಒಗ್ಗಬೇಕೆಂದಿಲ್ಲ. ಯೇಸು ತಾನೇ ಮುಂಜಾನೆ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದನು. ಆದರೆ ಆತನು ಹನ್ನೆರಡು ಮಂದಿ ಶಿಷ್ಯರನ್ನು ಆರಿಸಿಕೊಂಡದ್ದಕ್ಕೆ ಮಾರ್ಕನ ಸುವಾರ್ತೆ ಕೊಡುವ ಮೊದಲ ಕಾರಣ ಅವರು ತನ್ನ ಸಂಗಡ ಇರಬೇಕೆಂಬುದು. ಸಾರಲು ಕಳುಹಿಸುವ ಮಾತು ಅದರ ನಂತರದ್ದು. ಸೆರೆಸಿಕ್ಕುವ ಮುಂಚೆ ಗೆತ್ಸೇಮನೆ ತೋಟದಲ್ಲಿ ಕಳೆದ ರಾತ್ರಿ ಆತನು ಪೇತ್ರ, ಯಾಕೋಬ, ಯೋಹಾನರನ್ನು ಹತ್ತಿರಕ್ಕೆ ಕರೆದು, ನನ್ನ ಪ್ರಾಣ ಸಾಯುವಷ್ಟು ದುಃಖಪಟ್ಟಿದೆ, ಇಲ್ಲೇ ಇದ್ದು ಎಚ್ಚರವಾಗಿರಿ ಎಂದು ಕೇಳಿಕೊಂಡನು. ಅವರು ನಿದ್ದೆಹೋದರು. ಆತನು ಬಂದು ನೋಡಿದನು, ನೊಂದನು, ಆದರೂ ಮತ್ತೆ ಬಂದನು. ದುಃಖವನ್ನು ಬಾಯಿಬಿಟ್ಟು ಹೇಳಿ ಜೊತೆಯಿರೆಂದು ಕೇಳುವುದು ಬಲಹೀನತೆಯಾಗಿದ್ದರೆ ಆತನೂ ಬಲಹೀನನೇ ಆಗುತ್ತಿದ್ದನು. ನಿಮ್ಮ ವಿಷಯದಲ್ಲಿ ನಾನು ಕೇಳುವುದು ಒಂದೇ: ಮದುವೆಮನೆಯ ಘಟನೆಗೆ ಮುಂಚೆ ನೀವು ಕೂಟಕ್ಕೆ ಹೋಗಲು ತಯಾರಾಗುತ್ತಿದ್ದಾಗ ಮನಸ್ಸು ಹಗುರವಾಗಿರುತ್ತಿತ್ತೇ? ಹೌದಾದರೆ ಈಗ ನಿಮ್ಮನ್ನು ಮನೆಯಲ್ಲಿ ಕೂರಿಸಿರುವುದು ಸ್ವಭಾವವಲ್ಲ, ಭಯ.

ಫೋನಿನಲ್ಲಿ ಕೇಳುವ ಪ್ರಸಂಗದಿಂದ ಬೋಧನೆ ಸಿಗುತ್ತದೆ. ಕಾಯಿಲೆಯಿಂದ ಮಂಚ ಹಿಡಿದವರಿಗೆ, ರೋಗಿಯನ್ನು ಬಿಟ್ಟು ಕದಲಲಾಗದವರಿಗೆ ಅದು ದೊಡ್ಡ ಆಸರೆ. ಆದರೆ ಹೊಸ ಒಡಂಬಡಿಕೆಯ ಎಷ್ಟೋ ಆಜ್ಞೆಗಳು ಇನ್ನೊಬ್ಬರಿಲ್ಲದೆ ಪಾಲಿಸಲು ಆಗದಂಥವು: ಒಬ್ಬರ ಭಾರವನ್ನೊಬ್ಬರು ಹೊರುವುದು, ಒಬ್ಬರ ಪಾದವನ್ನೊಬ್ಬರು ತೊಳೆಯುವುದು, ತಪ್ಪುಗಳನ್ನು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸುವುದು, ಕ್ಷಮಿಸುವುದು. ನಾಲ್ಕನೆಯ ಶತಮಾನದಲ್ಲಿ, ಏಕಾಂತವಾಸವೇ ಶ್ರೇಷ್ಠವೆಂದು ಹಲವರು ಮರಳುಗಾಡಿಗೆ ಹೋಗುತ್ತಿದ್ದಾಗ, ಕೈಸರೈಯದ ಬಿಷಪ್ ಬೆಸಿಲ್ ಅವರು ಕೂಡಿ ಬಾಳುವ ಮಠಗಳ ಪರವಾಗಿ ವಾದಿಸಿ, ಒಬ್ಬನೇ ಇರುವವನು ಯಾರ ಪಾದ ತೊಳೆದಾನು ಎಂದು ಕೇಳಿದ್ದರು. ಸ್ವತಃ ತಪಸ್ವಿಯಾಗಿದ್ದವರ ಬಾಯಿಂದ ಬಂದದ್ದರಿಂದ ಆ ಪ್ರಶ್ನೆಗೆ ತೂಕ ಹೆಚ್ಚು.

ಇಷ್ಟು ಹೇಳಿದ ಮೇಲೆ, ನಿಮಗಾದ ಗಾಯದ ಮೂಲವನ್ನು ನೋಡದೆ ಮುಂದೆ ಹೋಗುವಂತಿಲ್ಲ. ಪ್ರಾರ್ಥನಾ ಕೂಟದ ಮಾತು ಹೊರಗೆ ಹೋಗುವುದು ಬಹುಮಟ್ಟಿಗೆ ಕೆಟ್ಟ ಉದ್ದೇಶದಿಂದಲ್ಲ. "ಅವರ ಮಗನಿಗಾಗಿ ಪ್ರಾರ್ಥಿಸಿ" ಎಂದು ಹೇಳುವಾಗ ಹೇಳುವವರಿಗೆ ತಾವು ಸಹಾಯ ಮಾಡುತ್ತಿದ್ದೇವೆಂಬ ತೃಪ್ತಿಯಿರುತ್ತದೆ, ಒಳಗಿನ ಸುದ್ದಿ ತಮಗೆ ಮೊದಲು ಗೊತ್ತೆಂಬ ಸಣ್ಣ ಹೆಮ್ಮೆಯೂ ಇರುತ್ತದೆ. ಎರಡೂ ಸೇರಿದಾಗ ನಾಲಿಗೆಗೆ ಕಡಿವಾಣವಿರುವುದಿಲ್ಲ. ಪ್ರಾರ್ಥನಾ ವಿಜ್ಞಾಪನೆಯೆಂಬ ಹೆಸರಿರುವುದರಿಂದ ಅದು ಚಾಡಿಯೆಂದು ಅವರಿಗೇ ಅನ್ನಿಸುವುದಿಲ್ಲ. ಬಹಳಷ್ಟು ಕೂಟಗಳಲ್ಲಿ, ಇಲ್ಲಿ ಆಡಿದ್ದು ಇಲ್ಲೇ ಉಳಿಯಬೇಕೆಂಬ ಒಪ್ಪಂದವನ್ನು ಬಾಯಿಬಿಟ್ಟು ಮಾಡಿಕೊಂಡಿರುವುದೇ ಇಲ್ಲ. ಎಲ್ಲರಿಗೂ ತಿಳಿದಿದೆಯೆಂದು ಎಲ್ಲರೂ ಎಣಿಸಿರುತ್ತಾರೆ. ಅದು ನಾಯಕರ ಹೊಣೆ, ನಿಮ್ಮದಲ್ಲ. ಆ ಒಪ್ಪಂದಕ್ಕೂ ಒಂದು ಮಿತಿಯಿದೆಯೆಂಬುದನ್ನು ಹೇಳಿಬಿಡಬೇಕು: ಮಗುವಿಗೆ ಹಿಂಸೆಯಾಗುತ್ತಿದೆ, ಯಾರದೋ ಜೀವಕ್ಕೆ ಅಪಾಯವಿದೆ ಎಂದು ತಿಳಿದರೆ ಅದನ್ನು ಗುಟ್ಟಾಗಿ ಇಡಬಾರದು, ತಕ್ಕವರಿಗೆ ತಿಳಿಸಲೇಬೇಕು.

ಕೇಳಲು ನಿಮಗೆ ಕಷ್ಟವಾಗಬಹುದಾದ ಇನ್ನೊಂದು ಮಾತಿದೆ. ಕೂಟದಲ್ಲಿ ನೀವು ಹೇಳಿದ್ದರಲ್ಲಿ ಒಂದು ಪಾಲು ನಿಮ್ಮ ಕಥೆ, ಒಂದು ಪಾಲು ಮಗನದು. ನನಗೆ ರಾತ್ರಿ ನಿದ್ದೆಯಿಲ್ಲ, ತಾಯಿಯಾಗಿ ಸೋತೆನೇನೋ ಎಂಬ ಭಯ ಕಾಡುತ್ತಿದೆ ಎಂಬುದು ನಿಮ್ಮದು. ಅದನ್ನು ಯಾರಿಗೆ ಹೇಳಬೇಕೆಂಬುದು ನಿಮ್ಮ ಇಷ್ಟ. ಅವನು ಏನು ಕುಡಿಯುತ್ತಾನೆ, ಯಾವಾಗ ಮನೆಗೆ ಬರುತ್ತಾನೆ ಎಂಬುದು 19 ವರ್ಷದ ಹುಡುಗನದು. ತಡೆಯಲಾರದೆ ಅತ್ತ ತಾಯಿಯ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಮುಂದೆ ಯಾರೊಡನೆಯೇ ಮನಸ್ಸು ಬಿಚ್ಚುವಾಗ ಈ ಗೆರೆಯನ್ನು ಕಂಡುಕೊಂಡರೆ ಹೊರೆ ಹಗುರವೂ ಆಗುತ್ತದೆ, ಮಗನ ಮುಖವೂ ಉಳಿಯುತ್ತದೆ.

ಇನ್ನು ದಾರಿಗಳು. ಅದೇ ಕೂಟಕ್ಕೆ ನೇರವಾಗಿ ಮರಳುವುದು ಹಿರಿಯರು ಬಯಸುವ ದಾರಿ. ಈಗಲೇ ಅದು ಬೇಡವೆಂದು ನನ್ನ ಅಭಿಪ್ರಾಯ. ಏನೂ ಆಗಿಲ್ಲವೆಂಬಂತೆ ಹೋಗಿ ಕುಳಿತರೆ ನೀವು ಬಾಯಿ ಬಿಡುವುದಿಲ್ಲ, ಅವರು ಎದುರಿಗೆ ಕೇಳುವುದಿಲ್ಲ, ಕೂಟ ಹೊರನೋಟಕ್ಕೆ ಮಾತ್ರ ಕೂಟವಾಗಿರುತ್ತದೆ. ಮೊದಲು ಕೂಟದ ನಾಯಕರೊಡನೆ ಒಬ್ಬರೇ, ಅಥವಾ ನಿಮ್ಮ ಯಜಮಾನರೊಡನೆ, ಮಾತಾಡಬೇಕು. ಯಾರು ಯಾರಿಗೆ ಹೇಳಿದರೆಂಬ ವಿಚಾರಣೆಗೆ ಇಳಿಯಬೇಡಿ, ಅದಕ್ಕೆ ತುದಿಯಿಲ್ಲ. ನಡೆದದ್ದೇನು, ಅದರಿಂದ ಮಗನಿಗೂ ನಿಮಗೂ ಆದದ್ದೇನು, ಮುಂದೆ ಕೂಟದಲ್ಲಿ ಏನು ಬದಲಾಗಬೇಕು, ಇಷ್ಟನ್ನು ಸಾವಕಾಶವಾಗಿ ಹೇಳಿ. ಕ್ಷಮೆ ಕೇಳುವಷ್ಟು ದೊಡ್ಡ ಮನಸ್ಸು ನಾಯಕರಿಗಿದ್ದರೆ ಸಂಬಂಧ ಮೊದಲಿಗಿಂತ ಗಟ್ಟಿಯಾಗುವುದುಂಟು. ನಿಮ್ಮದೇ ಸೂಕ್ಷ್ಮ ಸ್ವಭಾವವೆಂದು ತಳ್ಳಿಹಾಕಿದರೆ ಎರಡನೆಯ ಗಾಯವಾಗುತ್ತದೆ; ಆ ಸಾಧ್ಯತೆಗೆ ಮನಸ್ಸನ್ನು ಗಟ್ಟಿ ಮಾಡಿಕೊಂಡೇ ಹೋಗಿ.

ಕೂಟವನ್ನು ಸದ್ಯಕ್ಕೆ ಬಿಟ್ಟು ಭಾನುವಾರದ ಆರಾಧನೆಗೆ ಮಾತ್ರ ಹೋಗುವುದು ಇನ್ನೊಂದು ದಾರಿ. ಹಿಂದಿನ ಸಾಲಿನಲ್ಲಿ ಕುಳಿತು, ಹಾಡಿ, ಕರ್ತನ ಭೋಜನದಲ್ಲಿ ಪಾಲುಗೊಂಡು, ಮಾತಿಗೆ ನಿಲ್ಲದೆ ಮನೆಗೆ ಬಂದರೂ ನಷ್ಟವಿಲ್ಲ. ಅಪಾಯವೆಂದರೆ ಇದು ವರ್ಷಗಟ್ಟಲೆ ಹಾಗೆಯೇ ಮುಂದುವರಿಯಬಹುದು. ನೂರಾರು ಜನರ ನಡುವೆ ಹೆಸರು ಗೊತ್ತಿದ್ದೂ ಪರಿಚಯವಿಲ್ಲದವರಾಗಿ ಉಳಿದವರು ಪ್ರತಿ ಸಭೆಯಲ್ಲೂ ಇದ್ದಾರೆ. ಹಾಜರಿಯನ್ನೇ ಅನ್ಯೋನ್ಯತೆಯೆಂದು ತಿಳಿಯುವ ತಪ್ಪನ್ನು ಸಭೆಗಳೂ ಮಾಡುತ್ತವೆ.

ಅದಕ್ಕಾಗಿ ನಾನು ಒತ್ತುಕೊಟ್ಟು ಹೇಳುವುದು ಮೂರನೆಯದನ್ನು: ಆರಾಧನೆಯ ಜೊತೆಗೆ ಒಬ್ಬ ಅಥವಾ ಇಬ್ಬರು ಸಂಗಾತಿಗಳು. ಒಬ್ಬನಿಗಿಂತ ಇಬ್ಬರು ಲೇಸು ಎನ್ನುವ ಬೈಬಲಿನ ಪ್ರಸಂಗಿ ಗ್ರಂಥ ಕೊಡುವ ಕಾರಣ ತೀರ ವ್ಯಾವಹಾರಿಕವಾದದ್ದು: ಒಬ್ಬನು ಬಿದ್ದರೆ ಇನ್ನೊಬ್ಬನು ಎತ್ತುವನು. ಯೇಸು ಶಿಷ್ಯರನ್ನು ಕಳುಹಿಸಿದ್ದೂ ಇಬ್ಬಿಬ್ಬರನ್ನಾಗಿ. ಆಯ್ಕೆಯಲ್ಲಿ ಮಾತ್ರ ಅವಸರ ಬೇಡ. ನಿಮ್ಮ ಮುಂದೆ ಬೇರೆಯವರ ಗುಟ್ಟನ್ನು ಆಡುವವರು ಬೇರೆಯವರ ಮುಂದೆ ನಿಮ್ಮದನ್ನೂ ಆಡುತ್ತಾರೆ, ಅವರನ್ನು ಬಿಡಿ. ನೀವು ಹೇಳಿದ್ದಕ್ಕೆಲ್ಲ ತಲೆಯಾಡಿಸುವವರೂ ಬೇಡ, ಏಕೆಂದರೆ ನೊಂದ ಇಬ್ಬರು ಕೂಡಿ ಸಭೆಯನ್ನು ದೂರುತ್ತ ಕೂರುವುದೇ ಈ ದಾರಿಯ ದೊಡ್ಡ ಅಪಾಯ. ಅಗತ್ಯವಿದ್ದಾಗ, ಅಕ್ಕಾ, ಇದರಲ್ಲಿ ನಿಮ್ಮದೂ ತಪ್ಪಿದೆ ಎನ್ನಬಲ್ಲವರನ್ನು ಹುಡುಕಿ. ಮೊದಲು ಒಂದು ಸಣ್ಣ ವಿಷಯ ಹೇಳಿ ನೋಡಿ. ಅದು ಅಲ್ಲೇ ಉಳಿದರೆ ಇನ್ನೊಂದು. ನಂಬಿಕೆ ಮರಳುವುದು ಹೀಗೆ ಸ್ವಲ್ಪ ಸ್ವಲ್ಪವಾಗಿಯೇ. ಭೇಟಿಗೆ ಗೊತ್ತಾದ ದಿನವಿರಲಿ, ಒಟ್ಟಿಗೆ ಒಂದು ಅಧ್ಯಾಯ ಓದಿ, ಪ್ರಾರ್ಥಿಸಿ ಏಳಿ.

ಇದೇನೂ ಹೊಸ ಉಪಾಯವಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಮೆಥೊಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿಯವರ ಜೊತೆಗಾರರು ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಸದಸ್ಯರನ್ನು ಹನ್ನೆರಡರಂತೆ ಗುಂಪು ಮಾಡಿ, ತಲೆಗೆ ವಾರಕ್ಕೆ ಒಂದು ಪೆನ್ನಿ ಕೂಡಿಸುವ ಏರ್ಪಾಡು ಮಾಡಿದರು. ಹಣ ಕೇಳಲು ಮನೆಮನೆಗೆ ಹೋದ ನಾಯಕರಿಗೆ ಅಲ್ಲಿನ ಜಗಳ, ಕುಡಿತ, ಕಷ್ಟಗಳೆಲ್ಲ ಕಂಡವು. ಸಾಲ ವಸೂಲಿಗೆ ಹುಟ್ಟಿದ ಗುಂಪುಗಳು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಕೂಟಗಳಾಗಿ ಮೆಥೊಡಿಸ್ಟ್ ಸಭೆಗಳ ಬೆನ್ನೆಲುಬಾದವು. ದೊಡ್ಡ ಸಭೆಯಲ್ಲಿ ಕಾಣದ್ದು ಸಣ್ಣ ಗುಂಪಿನಲ್ಲಿ ಕಾಣುತ್ತದೆ. ಅದರ ಲಾಭವೂ ಅದೇ, ನೀವು ಕಂಡಂತೆ ಅಪಾಯವೂ ಅದೇ.

ಬೇರೆ ಸಭೆಗೆ ಸೇರುವುದನ್ನೂ ನಾನು ಪಾಪವೆನ್ನುವುದಿಲ್ಲ, ಆದರೆ ಅದು ಕೊನೆಯ ದಾರಿಯಾಗಿರಲಿ. ನಾಯಕರೊಡನೆ ಮಾತಾಡಿಯೂ ಪ್ರಯೋಜನವಾಗದಿದ್ದರೆ, ಸಭಾಪಾಲಕರಿಗೆ ಕಾರಣ ತಿಳಿಸಿ ಗೌರವದಿಂದ ಬೀಳ್ಕೊಳ್ಳಿ. ಹೇಳದೆ ಕೇಳದೆ ಜಾರಿಕೊಂಡರೆ ಹಳೆಯ ಸಂದೇಹ ಹೊಸ ಸಭೆಯ ಮೊದಲ ಕೂಟದಲ್ಲೇ ತಲೆಯೆತ್ತುತ್ತದೆ. ನೋವೇ ಇಲ್ಲದ ಸಭೆ ಎಲ್ಲೋ ಇದೆಯೆಂದು ಹುಡುಕಬೇಡಿ. ಎಲ್ಲರೂ ಒಂದೇ ಮನಸ್ಸಿನಿಂದಿದ್ದರೆಂದು ನಾವು ಹೊಗಳುವ ಯೆರೂಸಲೇಮಿನ ಸಭೆಯಲ್ಲೇ, ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ, ಗ್ರೀಕ್ ಮಾತಾಡುವ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಕಡೆಗಣಿಸಿದರೆಂಬ ದೂರು ಎದ್ದಿತ್ತು. ಅಪೊಸ್ತಲರು ದೂರಿದವರ ಬಾಯಿ ಮುಚ್ಚಿಸಲಿಲ್ಲ. ಏಳು ಮಂದಿಯನ್ನು ಆರಿಸಲು ಸಭೆಗೇ ಹೇಳಿ ವ್ಯವಸ್ಥೆಯನ್ನೇ ಸರಿಪಡಿಸಿದರು. ಇದನ್ನು ನಿಮ್ಮ ಕೂಟದ ನಾಯಕರಿಗೆ ನೆನಪಿಸಬಹುದು. ಪ್ರಯಾಣದ ನಡುವೆ ತಮ್ಮನ್ನು ಬಿಟ್ಟುಹೋಗಿದ್ದ ಮಾರ್ಕನ ವಿಷಯದಲ್ಲಿ ಪೌಲ ಬಾರ್ನಬರಿಗೆ ತೀಕ್ಷ್ಣವಾದ ವಾಗ್ವಾದವಾಗಿ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ವರ್ಷಗಳ ಮೇಲೆ ಸೆರೆಯಿಂದ ತಿಮೊಥೆಯನಿಗೆ ಬರೆಯುತ್ತ ಅದೇ ಪೌಲನು, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆ ಬಾ ಎನ್ನುವುದರ ಜೊತೆಗೆ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯೋಗವಾಗಿದ್ದಾನೆ ಎಂದೂ ಬರೆಯುತ್ತಾನೆ. ಆ ಹೊತ್ತಿಗೆ ಇನ್ನೊಬ್ಬ ಜೊತೆಗಾರ ದೇಮನು ಪೌಲನನ್ನು ಬಿಟ್ಟುಹೋಗಿದ್ದ. ಹಿಂದೆ ಬಿಟ್ಟುಹೋಗಿದ್ದ ಮಾರ್ಕ ಮತ್ತೆ ಬೇಕಾದವನಾದ, ಜೊತೆಗಿದ್ದ ದೇಮ ಬಿಟ್ಟುಹೋದ. ಎರಡೂ ಒಂದೇ ಪುಟದಲ್ಲಿವೆ.

ಕೊನೆಯದಾಗಿ ಮಗನ ವಿಷಯ. ಕುಡಿತದ ಚಟಕ್ಕೆ ಪ್ರಾರ್ಥನೆಯ ಜೊತೆಗೆ ವೈದ್ಯರ ಆರೈಕೆಯೂ ಬೇಕು. ದಿನವೂ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಾಂತಿಗಳು ಬಂದು ಜೀವಕ್ಕೇ ಅಪಾಯವಾಗುವುದುಂಟು. ಆದ್ದರಿಂದ ಮನೆಯಲ್ಲಿ ಆಣೆ ಹಾಕಿಸಿ ಬಿಡಿಸುವ ಯತ್ನ ಬೇಡ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಅನ್ಯೋನ್ಯತೆಯ ಕೂಟಗಳಿಂದ ಕಲಿತವರ ಕೈಯಿಂದ. ಅಲ್ಲಿ ಕಂಡವರ ಹೆಸರು, ಕೇಳಿದ ಮಾತು ಹೊರಗೆ ಹೋಗಬಾರದೆಂಬುದು ಅವರ ಕಟ್ಟುಪಾಡು. ಕುಡಿಯುವವರ ಮನೆಯವರಿಗಾಗಿ ಅದೇ ಬಗೆಯ ಅಲ್‌-ಅನಾನ್ ಕೂಟಗಳಿವೆ. ನಿಮಗೆ ಹತ್ತಿರದಲ್ಲಿ ಅಂಥದ್ದಿದ್ದರೆ ಒಮ್ಮೆ ಹೋಗಿಬನ್ನಿ. ಗುಟ್ಟು ಉಳಿಸಿಕೊಳ್ಳುವ ಕೂಟ ಹೇಗಿರುತ್ತದೆಂದು ಕಣ್ಣಾರೆ ಕಂಡಮೇಲೆ ನಿಮ್ಮ ಸಭೆಯಲ್ಲಿ ಏನು ಕೇಳಬೇಕೆಂಬುದೂ ಸ್ಪಷ್ಟವಾಗುತ್ತದೆ. ನಿದ್ದೆ, ಹಸಿವು ಕೆಟ್ಟು ವಾರಗಳಾಗಿದ್ದರೆ, ಬದುಕು ಬೇಡವೆನಿಸುತ್ತಿದ್ದರೆ, ಸಂಗಾತಿಗಾಗಿ ಕಾಯದೆ ನೀವೂ ವೈದ್ಯರನ್ನು ಕಾಣಿ.

ಮಗನನ್ನು ಸಭೆಗೆ ಕರೆತರುವ ಮಾತನ್ನು ಸದ್ಯಕ್ಕೆ ಎತ್ತಬೇಡಿ. ಅದಕ್ಕೆ ಮುಂಚೆ ಅವನೊಡನೆ ಆಡಬೇಕಾದ ಮಾತೊಂದು ಬಾಕಿಯಿದೆ: ನಿನ್ನ ವಿಷಯವನ್ನು ನಿನ್ನನ್ನು ಕೇಳದೆ ಹತ್ತು ಜನರ ಮುಂದೆ ಹೇಳಿದೆ, ಅದರಿಂದ ನಿನಗೆ ಅವಮಾನವಾಯಿತು, ಇನ್ನು ಮುಂದೆ ಕೇಳದೆ ಹೇಳುವುದಿಲ್ಲ. ಇಷ್ಟು ಹೇಳಿ ನಿಲ್ಲಿಸಿ, ಕುಡಿತದ ಬುದ್ಧಿವಾದವನ್ನು ಅದೇ ಉಸಿರಿನಲ್ಲಿ ಸೇರಿಸಬೇಡಿ. ಅವನು ಉತ್ತರ ಕೊಡದೆ ಎದ್ದುಹೋದರೂ ಬೆನ್ನುಹತ್ತಬೇಡಿ.